ರಿಕ್ವೈರ್‌ಮೆಂಟ್‌ಗಳನ್ನು ಅರ್ಥದ ಮೇಲೆ ಜೋಡಿಸುವುದು ಹೇಗೆ? ಹಾಲಿನ ಡೇರಿಯ ಸಾಫ್ಟ್‌ವೇರ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡಬೇಕಾಗಿದೆ ಅಂತಿಟ್ಟುಕೊಳ್ಳಿ. ಸೆಕ್ರೆಟರಿ, ಹಾಲು ಪರೀಕ್ಷಕ, ಒಕ್ಕೂಟದ ಮೇಲ್ವಿಚಾರಕರು, ದಿನಾ ಹಾಲು ಹಾಕುವ ನಾಲ್ಕಾರು ಜನ, ಎಲ್ಲರನ್ನೂ ಮಾತಾಡಿಸಿ, ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ಬೇಡಿಕೆಗಳನ್ನು (ರಿಕ್ವೈರ್‌ಮೆಂಟ್‌ಗಳನ್ನು) ಪಟ್ಟಿ ಮಾಡಿದ್ದೀರಿ. ಅದರಲ್ಲಿ ಈ ಮೂರು ಸಾಲುಗಳಿವೆ:

12. ಸೆಕ್ರೆಟರಿ ಹಾಲಿನ ಎಂಟ್ರಿ ತಿದ್ದುವಂತಿರಬೇಕು.
87. ಸ್ಲಿಪ್ ಕೊಟ್ಟ ಮೇಲೆ ಲೆಕ್ಕ ಯಾರೂ ಬದಲಾಯಿಸುವಂತಿರಬಾರದು.
203. ಫ್ಯಾಟ್ ತಪ್ಪು ಹೊಡೆದಿದ್ದರೆ ಅದೇ ಹೊತ್ತಿನಲ್ಲಿ ಸರಿ ಮಾಡಿಕೊಳ್ಳೋಕೆ ಆಗಬೇಕು.

ಹನ್ನೆರಡನೆಯದು ಯೂಸರ್ ಅಧಿಕಾರಗಳ ಹಾಳೆಗೆ ಹೋಗಿದೆ, ಎಂಬತ್ತೇಳು ಪ್ರಿಂಟಿಂಗ್ ಹಾಳೆಗೆ, ಇನ್ನೂರಮೂರು ‘ಇತರೆ’ಗೆ. ಮೂರೂ ಮಾತಾಡುತ್ತಿರುವುದು ಒಂದೇ ವಿಷಯದ ಬಗ್ಗೆ, ಅದೂ ಒಂದಕ್ಕೊಂದು ಜಗಳವಾಡಿಕೊಂಡು. ಆದರೆ ತಿದ್ದು, ಬದಲಾಯಿಸು, ಸರಿ ಮಾಡು ಎಂದು ಕ್ರಿಯಾಪದಗಳು ಬೇರೆ; ಎಂಟ್ರಿ, ಲೆಕ್ಕ, ಫ್ಯಾಟ್ ಎಂದು ನಾಮಪದಗಳೂ ಬೇರೆ. ಪದ ಹಾಕಿ ಹುಡುಕಿದರೆ ಇವು ಒಟ್ಟಿಗೆ ಸಿಗುವುದೇ ಇಲ್ಲ. ಟೆಸ್ಟಿಂಗ್ ಹೊತ್ತಿಗೆ ಸಿಗುತ್ತವೆ, ಅಷ್ಟರಲ್ಲಿ ಕೋಡ್ ಬರೆದಾಗಿರುತ್ತದೆ.

ಮಾಡ್ಯೂಲ್‌ಗಳ ಹೆಸರು ಮೊದಲೇ ಇಟ್ಟುಕೊಂಡು ಬೇಡಿಕೆಗಳನ್ನು ಅದರೊಳಗೆ ತುರುಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಇಲ್ಲಿ ಹೇಳುತ್ತಿರುವುದು ಅದರ ತಿರುವು: ವಾಕ್ಯಗಳು ಏನು ಹೇಳುತ್ತಿವೆ ಎಂಬುದನ್ನು ಮೊದಲು ಬಿಡಿಸಿ, ಗುಂಪುಗಳು ಅದರಿಂದ ತಾವಾಗಿ ಏಳಲು ಬಿಡುವುದು. ನೂರರೊಳಗೆ ಬೇಡಿಕೆಗಳಿದ್ದರೆ ಮೊದಲ ನಾಲ್ಕು ಹಂತ ಸಾಕು, ಒಂದು ಸ್ಪ್ರೆಡ್‌ಶೀಟ್ ಇದ್ದರೆ ಆಯಿತು. ಅದಕ್ಕಿಂತ ಹೆಚ್ಚಿದ್ದರೆ ಐದನೆಯ ಹಂತದಿಂದ ಸ್ವಲ್ಪ ಪೈಥಾನ್ ಬೇಕಾಗುತ್ತದೆ.

ಹಂತ 1: ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ಆಮೇಲೆ ಒಡೆಯಿರಿ

ಶೀಟ್‌ನಲ್ಲಿ ಮೊದಲ ಕಾಲಂ ಕ್ರಮಸಂಖ್ಯೆ, ಎರಡನೆಯದು ಮೂಲ ಮಾತು, ಮೂರನೆಯದು ಹೇಳಿದವರು ಯಾರು, ಯಾವಾಗ. ಮೂಲ ಮಾತನ್ನು ಯಾವತ್ತೂ ತಿದ್ದಬೇಡಿ. ‘ಫ್ಯಾಟ್ ಹೊಡೆಯೋದು’ ಎಂದಿದ್ದನ್ನು ‘ಕೊಬ್ಬಿನಂಶ ನಮೂದಿಸುವುದು’ ಎಂದು ಚೆಂದ ಮಾಡಲು ಹೋದರೆ, ಆ ಜಾಗದಲ್ಲಿ ಕೀಬೋರ್ಡ್ ಬಳಸುವ ಮನುಷ್ಯನೊಬ್ಬ ಇದ್ದಾನೆ ಎಂಬ ಸುಳಿವೇ ಅಳಿಸಿಹೋಗುತ್ತದೆ. ನಿಮ್ಮ ಅಚ್ಚುಕಟ್ಟಾದ ವಾಕ್ಯಕ್ಕೆ ಪಕ್ಕದಲ್ಲೇ ಇನ್ನೊಂದು ಕಾಲಂ ಕೊಡಿ.

ಈಗ ಒಡೆಯುವ ಕೆಲಸ. ಒಂದು ಸಾಲಿನಲ್ಲಿ ಒಂದೇ ಬೇಡಿಕೆ ಇರಬೇಕು ಎಂಬ ನಿಯಮ ಎಲ್ಲ ಪುಸ್ತಕಗಳಲ್ಲೂ ಇದೆ. ಇಂಗ್ಲಿಷ್ ಪುಸ್ತಕಗಳು ‘ಮತ್ತು’ ಎಲ್ಲಿದೆ ನೋಡಿ ಎನ್ನುತ್ತವೆ. ಕನ್ನಡದಲ್ಲಿ ‘ಮತ್ತು’ ಹುಡುಕಿಕೊಂಡು ಕೂತರೆ ಏನೂ ಸಿಗದು. ನಮ್ಮ ಜನ ಮಾತಾಡುವುದು ಹೀಗೆ:

‘ಹಾಲು ಅಳೆದು, ಫ್ಯಾಟ್ ನೋಡಿ, ರೇಟು ಹಾಕಿ, ಸ್ಲಿಪ್ ಕೊಟ್ಟು, ಪಾಸ್‌ಬುಕ್‌ಗೆ ಏರಿಸಬೇಕು.’

‘ಬೇಕು’ ಒಂದೇ, ಬೇಡಿಕೆ ಐದು. ಅಳೆದು, ನೋಡಿ, ಹಾಕಿ, ಕೊಟ್ಟು ಎಂಬ ಪ್ರತಿಯೊಂದು ಕೃದಂತಾವ್ಯಯವನ್ನೂ ಬಿಡಿಸಿ ಅದಕ್ಕೊಂದು ಸ್ವಂತ ‘ಬೇಕು’ ಕೊಡಿ. ಹೀಗೆ ಬಿಡಿಸಿದಾಗ ಮೂಲದಲ್ಲಿದ್ದ ಅನುಕ್ರಮ ಕಳೆದುಹೋಗುತ್ತದೆ, ಹಾಗಾಗಿ ಆರನೆಯ ಸಾಲೊಂದು ಬೇಕು: ಇದೇ ಕ್ರಮದಲ್ಲಿ ಆಗಬೇಕು. ಆ ಆರನೆಯದನ್ನು ಹಾಗೇ ನಂಬಬೇಡಿ. ಪ್ರಿಂಟರ್ ಕೈಕೊಟ್ಟ ದಿನ ಪಾಸ್‌ಬುಕ್‌ಗೆ ಏರಿಸಬಾರದೇ? ವ್ಯಾಕರಣದ ಪ್ರಕಾರ ಸ್ಲಿಪ್ ಕೊಟ್ಟ ಮೇಲೆಯೇ ಏರಿಸಬೇಕು. ಸೆಕ್ರೆಟರಿಯ ಮನಸ್ಸಿನಲ್ಲಿ ಅದಿರಲಿಕ್ಕಿಲ್ಲ. ಅವರು ಮಾತಿನ ಓಘದಲ್ಲಿ ಹೇಳಿದ್ದು ಅಷ್ಟೇ. ‘ಬರೆದಿಟ್ಟುಕೊಳ್ಳಬೇಕು’, ‘ಸೇವ್ ಆಗಿಬಿಡಬೇಕು’ ಇಂಥವನ್ನು ಮಾತ್ರ ಒಡೆಯುವ ಹಾಗಿಲ್ಲ, ಅಲ್ಲಿ ಎರಡು ಕ್ರಿಯಾಪದ ಸೇರಿ ಒಂದೇ ಕೆಲಸ.

ಇದೇ ಹಂತದಲ್ಲಿ ಇನ್ನೊಂದು ಜರಡಿ ಹಿಡಿಯಿರಿ: ಸಂಗತಿ ಯಾವುದು, ಬೇಡಿಕೆ ಯಾವುದು. ಪಮೇಲಾ ಝೇವ್ ಮತ್ತು ಮೈಕೇಲ್ ಜಾಕ್ಸನ್ 1997ರ ಒಂದು ಲೇಖನದಲ್ಲಿ ಇದನ್ನು ಖಡಾಖಂಡಿತವಾಗಿ ಬೇರ್ಪಡಿಸಿದರು. ಲೋಕ ಹೇಗಿದೆ ಎನ್ನುವ ವಾಕ್ಯ ಬೇರೆ, ಲೋಕ ಹೇಗಾಗಬೇಕು ಎನ್ನುವ ವಾಕ್ಯ ಬೇರೆ. ಕನ್ನಡದಲ್ಲಿ ಇವೆರಡನ್ನೂ ಕಲಸಿಹಾಕುವುದು ‘ಬಹುದು’. ‘ಸಂಜೆ ಕೆಲವರು ಹಾಲು ಹಾಕದೇ ಇರಬಹುದು’ ಎನ್ನುವುದು ಊರಿನ ಸಂಗತಿ. ‘ಸದಸ್ಯರು ಮೊಬೈಲ್‌ನಲ್ಲಿ ಲೆಕ್ಕ ನೋಡಬಹುದು’ ಎನ್ನುವುದು ಸಾಫ್ಟ್‌ವೇರ್ ಕೊಡಬೇಕಾದ ಸೌಲಭ್ಯ. ಮೊದಲನೆಯದನ್ನು ಎಸೆಯಬೇಡಿ, ‘ಸಂಗತಿ’ ಎಂದು ಗುರುತು ಹಾಕಿ ಬೇರೆ ಹಾಳೆಗೆ ಸೇರಿಸಿ. ಅದು ಅಲ್ಲಿಲ್ಲದಿದ್ದರೆ, ಹಾಲು ಬಾರದ ದಿನವನ್ನು ಸೊನ್ನೆ ಲೀಟರ್ ಎಂದು ಬರೆದು ಸರಾಸರಿ ತೆಗೆಯುವ ಕೋಡ್ ಯಾರಾದರೂ ಬರೆದೇ ಬರೆಯುತ್ತಾರೆ.

ಒತ್ತಿಗೂ, ಅಂದರೆ ಬೇಡಿಕೆ ಎಷ್ಟು ಕಡ್ಡಾಯ ಎಂಬುದಕ್ಕೂ, ಒಂದು ಕಾಲಂ ಇರಲಿ. ಇಂಟರ್‌ನೆಟ್ ಮಾನದಂಡಗಳಲ್ಲಿ ಕಡ್ಡಾಯ, ಶಿಫಾರಸು, ಐಚ್ಛಿಕ ಎಂಬ ದರ್ಜೆಗಳಿಗೆ ಯಾವ ಪದ ಬಳಸಬೇಕು ಎಂದು ಸ್ಕಾಟ್ ಬ್ರಾಡ್ನರ್ 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2119 ಎಂಬ ದಾಖಲೆಯಲ್ಲಿ ನಿಗದಿ ಮಾಡಿದರು. ನಮಗೆ ಬೇಕು, ಬಾರದು, ಇದ್ದರೆ ಒಳ್ಳೇದು, ಬಹುದು ಎಂಬ ನಾಲ್ಕು ಸಾಕು. ‘ಬೇಕಾಗುತ್ತೆ’ ಎಂದವರನ್ನು ಇನ್ನೊಮ್ಮೆ ಕೇಳಿ. ಬೇಕೋ, ಇದ್ದರೆ ಒಳ್ಳೆಯದೋ?

ಹಂತ 2: ಪದಕೋಶ

ಬೇಸರದ ಕೆಲಸ, ಆದರೆ ಇದನ್ನು ಹಾರಿಸಿದರೆ ಮುಂದಿನ ಹಂತಗಳಲ್ಲಿ ಯಾವ ಮಾಡೆಲ್ ಬಳಸಿದರೂ ಪ್ರಯೋಜನವಿಲ್ಲ.

ಮೂಲ ಮಾತಿನ ಕಾಲಂನಿಂದ ನಾಮಪದಗಳನ್ನೆಲ್ಲ ಎತ್ತಿ ಒಂದು ಪಟ್ಟಿ ಮಾಡಿ. ಒಂದೇ ವಸ್ತುವಿಗೆ ಹಲವು ಹೆಸರಿರುವುದು ಸುಲಭದ ಸಮಸ್ಯೆ: ಬಿಲ್ಲು, ಸ್ಲಿಪ್, ಚೀಟಿ ಮೂರೂ ಒಂದೇ ಎಂದು ಖಾತ್ರಿಯಾದರೆ ಒಂದು ಹೆಸರು ಉಳಿಸಿಕೊಂಡು ಉಳಿದವನ್ನು ಪರ್ಯಾಯ ಎಂದು ಬರೆಯಿರಿ. ಕಷ್ಟದ್ದು ಹಲವು ವಸ್ತುಗಳಿಗೆ ಒಂದೇ ಹೆಸರಿರುವುದು.

‘ಸದಸ್ಯ’ ಪದವನ್ನೇ ನೋಡಿ. ಸದಸ್ಯ, ಉತ್ಪಾದಕ, ರೈತ, ಷೇರುದಾರ, ಹಾಲು ಹಾಕೋರು ಎಂದು ಪಟ್ಟಿಯಲ್ಲಿ ಐದು ಪದ ಬಂದಿರುತ್ತದೆ. ಒಂದೇ ಎಂದು ಸೇರಿಸಿಬಿಡಲು ಕೈ ತುರಿಸುತ್ತದೆ. ಆದರೆ ಸದಸ್ಯನಲ್ಲದವರ ಹಾಲನ್ನೂ ತೆಗೆದುಕೊಳ್ಳುವ ಸಂಘಗಳಿವೆ. ಷೇರು ಇಟ್ಟುಕೊಂಡು, ಹಸು ಮಾರಿ ಸುಮ್ಮನೆ ಕೂತ ಸದಸ್ಯರೂ ಇದ್ದಾರೆ. ಷೇರು ಗಂಡನ ಹೆಸರಲ್ಲಿ, ಬ್ಯಾಂಕ್ ಖಾತೆ ಹೆಂಡತಿಯದು, ಕ್ಯಾನು ಹಿಡಿದು ಬರುವುದು ಮಗಳು. ಹಾಗಾದರೆ ‘ಸದಸ್ಯರಿಗೆ ಎಸ್ಸೆಮ್ಮೆಸ್ ಹೋಗಬೇಕು’ ಎಂದರೆ ಯಾರ ನಂಬರಿಗೆ? ಮತದ ಹಕ್ಕು ಷೇರನ್ನು ನೋಡುತ್ತದೆ, ಬಟವಾಡೆ ಹಾಕಿದ ಹಾಲನ್ನು ನೋಡುತ್ತದೆ, ಬೋನಸ್ ಎರಡನ್ನೂ ನೋಡಬಹುದು. ಷೇರುದಾರ, ಹಾಲು ಖಾತೆ, ಹಣ ಪಡೆಯುವವರು ಎಂದು ಕನಿಷ್ಠ ಮೂರು ನಮೂದು ಮಾಡಿ, ‘ಸದಸ್ಯ’ ಎಂಬ ಬರಿ ಪದ ಬಂದಲ್ಲೆಲ್ಲ ಮೂರರಲ್ಲಿ ಯಾವುದೆಂದು ಕೇಳಿ ಬರೆಯಿರಿ. ತಂಡದ ಮಾತು, ಗಿರಾಕಿಯ ಮಾತು, ಕೋಡ್‌ನ ಮಾತು ಒಂದೇ ಇರಬೇಕು ಎಂದು ಎರಿಕ್ ಇವಾನ್ಸ್ 2003ರಲ್ಲಿ ಹೇಳಿದ್ದರ ಹಿಂದಿರುವುದು ಇದೇ ತಾಪತ್ರಯ.

ಅಳತೆಯ ಪದಗಳಿಗೆ ಇನ್ನೂ ಹೆಚ್ಚು ನಿಗಾ ಬೇಕು. ಹಾಲಿನ ಸಾಂದ್ರತೆ ಸುಮಾರು 1.03, ಅಂದರೆ 500 ಲೀಟರ್ ಹಾಲು ತೂಕದಲ್ಲಿ ಸುಮಾರು 515 ಕೆ.ಜಿ. ಎಲೆಕ್ಟ್ರಾನಿಕ್ ತಕ್ಕಡಿ ಕೆ.ಜಿ. ಕೊಡುತ್ತಿದ್ದು ರೇಟು ಲೀಟರಿಗಿದ್ದರೆ, ‘ಅಳತೆ’ ಎಂದಷ್ಟೇ ಬರೆದ ಬೇಡಿಕೆ ಯಾರದೋ ಜೇಬಿಗೆ ಕತ್ತರಿ ಹಾಕುತ್ತದೆ. ‘ಇವತ್ತಿನ ಹಾಲು’ ಕೂಡ ಹಾಗೇ. ಉತ್ಪಾದಕರ ಪಾಲಿಗೆ ಅದು ಇವತ್ತು ಬೆಳಗ್ಗೆ ಮತ್ತು ಸಂಜೆಯದು. ಬಲ್ಕ್ ಕೂಲರ್‌ಗೆ ದಿನಕ್ಕೊಮ್ಮೆ ಬೆಳಗ್ಗೆ ಟ್ಯಾಂಕರ್ ಬರುವ ಕಡೆ ಅದು ನಿನ್ನೆ ಸಂಜೆ ಮತ್ತು ಇವತ್ತು ಬೆಳಗ್ಗೆಯದು.

ಇದು ಅತಿಯಾಯಿತು ಅನ್ನಿಸಿದರೆ 1993ರ ಸೆಪ್ಟೆಂಬರ್ 14ರಂದು ವಾರ್ಸಾದಲ್ಲಿ ಇಳಿದ ಎ320 ವಿಮಾನದ ಕಥೆ ಓದಿ. ‘ನೆಲ ಮುಟ್ಟಿದೆ’ ಎನ್ನಲು ಎರಡೂ ಕಡೆಯ ಮುಖ್ಯ ಚಕ್ರಗಳ ಮೇಲೆ ಭಾರ ಬಿದ್ದಿರಬೇಕು, ಇಲ್ಲವೇ ಚಕ್ರಗಳು ಇಂತಿಷ್ಟು ವೇಗದಲ್ಲಿ ತಿರುಗುತ್ತಿರಬೇಕು ಎಂದು ಸಾಫ್ಟ್‌ವೇರ್‌ಗೆ ಹೇಳಲಾಗಿತ್ತು. ಎಂಜಿನ್‌ನ ತಳ್ಳುವಿಕೆಯನ್ನು ಹಿಮ್ಮುಖ ಮಾಡಿ ವೇಗ ತಗ್ಗಿಸುವ ರಿವರ್ಸ್ ಥ್ರಸ್ಟ್‌ಗಂತೂ ಎರಡೂ ಕಡೆ ಭಾರ ಬೀಳಲೇಬೇಕಿತ್ತು. ಒದ್ದೆ ರನ್‌ವೇ, ಹಿಂಗಾಳಿ, ಒಂದು ಬದಿಯ ಚಕ್ರ ಮೊದಲು ತಾಗಿದ್ದು, ಎಲ್ಲ ಸೇರಿ ಆ ವ್ಯಾಖ್ಯೆ ಪೂರ್ತಿಯಾಗಲು ಕೆಲವು ಸೆಕೆಂಡು ಹಿಡಿಯಿತು, ವೇಗ ತಗ್ಗಿಸುವುದೂ ಅಷ್ಟು ತಡವಾಯಿತು. ವಿಮಾನ ರನ್‌ವೇ ದಾಟಿತು, ಇಬ್ಬರು ಸತ್ತರು. ಸಾಫ್ಟ್‌ವೇರ್ ತನಗೆ ಬರೆದುಕೊಟ್ಟದ್ದನ್ನೇ ಮಾಡಿತ್ತು.

ಹಂತ 3: ಯಾರು, ಏನನ್ನು, ಯಾವುದರಿಂದ, ಯಾರಿಗೆ

ಈ ಮಾರ್ಗದರ್ಶಿಯ ತಿರುಳು ಇದು. ಅರ್ಥ ಎಂದರೆ ಏನೋ ಗಹನವಾದದ್ದಲ್ಲ. ಒಂದು ಕ್ರಿಯೆ, ಅದರ ಸುತ್ತ ಪಾತ್ರಧಾರಿಗಳು. ಚಾರ್ಲ್ಸ್ ಫಿಲ್‌ಮೋರ್ 1968ರಲ್ಲಿ ಇಂಗ್ಲಿಷಿಗೆ ಇಂಥ ಪಾತ್ರಗಳನ್ನು ಗುರುತಿಸಿದರು. ಪಾಣಿನಿ ಅವನ್ನು ಕಾರಕ ಎಂದು ಕರೆದು ಆರಕ್ಕೆ ನಿಲ್ಲಿಸಿದ್ದ: ಕರ್ತೃ (ಮಾಡುವವರು), ಕರ್ಮ (ಏನನ್ನು), ಕರಣ (ಯಾವ ಸಾಧನದಿಂದ), ಸಂಪ್ರದಾನ (ಯಾರಿಗೆ), ಅಪಾದಾನ (ಎಲ್ಲಿಂದ), ಅಧಿಕರಣ (ಎಲ್ಲಿ, ಯಾವಾಗ). ಹೈದರಾಬಾದಿನ ಐಐಐಟಿಯವರು ಭಾರತೀಯ ಭಾಷೆಗಳ ವಾಕ್ಯಗಳನ್ನು ಕಂಪ್ಯೂಟರಿಗಾಗಿ ಗುರುತು ಹಾಕುವಾಗ ಬಳಸುವುದೂ ಈ ಚೌಕಟ್ಟನ್ನೇ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆ ಅರ್ಧ ಕೆಲಸ ಆಗಿದೆ.

ಶೀಟ್‌ಗೆ ಈ ಆರು ಕಾಲಂ, ಜೊತೆಗೆ ‘ಕ್ರಿಯೆ’ ಎಂಬ ಏಳನೆಯದನ್ನು ಸೇರಿಸಿ. ಒಂದು ಬೇಡಿಕೆಯನ್ನು ತುಂಬಿ ನೋಡೋಣ:

‘ಬಟವಾಡೆ ದಿನ ಸಂಘದ ಖಾತೆಯಿಂದ ಉತ್ಪಾದಕರ ಬ್ಯಾಂಕ್ ಖಾತೆಗೆ ಹಾಲಿನ ಹಣ ಜಮಾ ಮಾಡಬೇಕು.’

ಕ್ರಿಯೆ: ಜಮಾ ಮಾಡು
ಕರ್ತೃ: ಖಾಲಿ
ಕರ್ಮ: ಹಾಲಿನ ಹಣ
ಕರಣ: ಖಾಲಿ
ಸಂಪ್ರದಾನ: ಉತ್ಪಾದಕರ ಬ್ಯಾಂಕ್ ಖಾತೆ
ಅಪಾದಾನ: ಸಂಘದ ಖಾತೆ
ಅಧಿಕರಣ: ಬಟವಾಡೆ ದಿನ

ಓದಿದಾಗ ಪೂರ್ಣವಾಗಿಯೇ ಕಾಣುತ್ತಿದ್ದ ವಾಕ್ಯದಲ್ಲಿ ಎರಡು ಖಾನೆ ಖಾಲಿ ಬಿದ್ದಿವೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತಾಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಅದಕ್ಕೇ ಈ ಖಾನೆ ಅತಿ ಹೆಚ್ಚು ಸಲ ಖಾಲಿ ಇರುತ್ತದೆ. ಜಮಾ ಮಾಡುವುದು ಸಾಫ್ಟ್‌ವೇರೋ, ಅಥವಾ ಅದು ಪಟ್ಟಿ ಮಾಡಿಕೊಟ್ಟು ಸೆಕ್ರೆಟರಿ ಬ್ಯಾಂಕಿಗೆ ಒಯ್ಯುವುದೋ? ಕರಣ ಏನು, ನೆಫ್ಟೋ ಚೆಕ್ಕೋ? ಕರ್ಮದ ಖಾನೆ ತುಂಬಿದ್ದರೂ ಪ್ರಶ್ನೆ ಇದೆ: ಹಾಲಿನ ಹಣ ಎಂದರೆ ಪಶು ಆಹಾರದ ಬಾಕಿ ಮುರಿದುಕೊಂಡ ಮೇಲಿನದೋ, ಮೊದಲಿನದೋ? ಪ್ರತಿ ಖಾಲಿ ಖಾನೆಯೂ ಒಂದು ಪ್ರಶ್ನೆ. ಮುಂದಿನ ಸಲ ಸಂಘಕ್ಕೆ ಹೋಗುವಾಗ ಆ ಪಟ್ಟಿ ಹಿಡಿದು ಹೋದರೆ ಸಾಕು, ಬೇರೆ ಪ್ರಶ್ನಾವಳಿ ಬೇಡ.

ವಿಭಕ್ತಿಯನ್ನೇ ಕಾರಕ ಎಂದುಕೊಳ್ಳಬೇಡಿ. ‘ಸೆಕ್ರೆಟರಿಗೆ ರೇಟು ಬದಲಾಯಿಸೋಕೆ ಬರಬೇಕು’ ಎನ್ನುವಲ್ಲಿ ‘ಗೆ’ ಇದ್ದರೂ ಸೆಕ್ರೆಟರಿಯೇ ಕರ್ತೃ. ಅತಿ ದುಬಾರಿ ಪ್ರತ್ಯಯ ಎಂದರೆ ‘ಇಂದ’. ‘ಮಷೀನಿನಿಂದ ಫ್ಯಾಟ್ ತಗೋಬೇಕು’ ಎಂದು ಪರೀಕ್ಷಕ ಹೇಳುತ್ತಾನೆ. ಇದು ಅಪಾದಾನವಾದರೆ, ಹಾಲು ಪರೀಕ್ಷಿಸುವ ಯಂತ್ರಕ್ಕೆ ಕೇಬಲ್ ಹಾಕಿ, ಅದರ ಪೋರ್ಟ್‌ನಿಂದ ಸಂಖ್ಯೆಯನ್ನು ಸಾಫ್ಟ್‌ವೇರೇ ಎಳೆದುಕೊಳ್ಳಬೇಕು. ಕರಣವಾದರೆ, ಪರೀಕ್ಷಕ ಯಂತ್ರ ಬಳಸಿ ಅಳೆದು, ಪರದೆ ನೋಡಿ ಟೈಪ್ ಮಾಡುತ್ತಾನೆ. ಮೊದಲನೆಯದರಲ್ಲಿ ಪ್ರತಿ ಕಂಪನಿಯ ಯಂತ್ರಕ್ಕೂ ಬೇರೆ ಕೋಡ್ ಬರೆಯಬೇಕು, ಎರಡನೆಯದರಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಸಾಕು. ಕೊಟೇಶನ್ ಹಾಕುವ ಮೊದಲು ಈ ‘ಇಂದ’ ಯಾವುದೆಂದು ತಿಳಿದಿರಬೇಕು.

ತುಂಬಿದ ಮೇಲೆ ಶೀಟನ್ನು ಬೇರೆಬೇರೆ ಕಾಲಂ ಮೇಲೆ ಸಾರ್ಟ್ ಮಾಡಿ. ಕರ್ತೃವಿನ ಮೇಲೆ ಮಾಡಿದರೆ ಯಾರಿಗೆ ಯಾವ ಸ್ಕ್ರೀನ್ ಬೇಕು ಎಂಬ ಪಟ್ಟಿ. ಕರ್ಮದ ಮೇಲೆ ಮಾಡಿದರೆ ಡೇಟಾಬೇಸ್‌ನ ಟೇಬಲ್‌ಗಳು. ಕ್ರಿಯೆಯ ಮೇಲೆ ಮಾಡಿದರೆ ಫಂಕ್ಷನ್‌ಗಳು. ನಾಮಪದದಿಂದ ದತ್ತಾಂಶದ ಬಗೆ, ಕ್ರಿಯಾಪದದಿಂದ ಆಪರೇಶನ್ ಎಂಬ ಉಪಾಯವನ್ನು ರಸೆಲ್ ಅಬಟ್ 1983ರಲ್ಲೇ ಹೇಳಿದ್ದರು. ಪದಗಳ ಮೇಲೆ ಮಾಡಿದರೆ ಅದು ಒರಟು ಉಪಾಯ, ಕಾರಕಗಳ ಮೇಲೆ ಮಾಡಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಹಂತ 4: ಷರತ್ತುಗಳು

ರೋಲ್ಸ್ ರಾಯ್ಸ್‌ನಲ್ಲಿ ವಿಮಾನ ಎಂಜಿನ್‌ಗಳ ಬೇಡಿಕೆಗಳನ್ನು ಬರೆಯುತ್ತಿದ್ದ ಆಲಿಸ್ಟೇರ್ ಮೇವಿನ್ ಮತ್ತು ಸಂಗಡಿಗರು 2009ರಲ್ಲಿ ಇಯರ್ಸ್ ಎಂಬ ಸರಳ ವಾಕ್ಯಮಾದರಿಗಳನ್ನು ಪ್ರಕಟಿಸಿದರು. ಸದಾ ಅನ್ವಯವಾಗುವುದು, ಒಂದು ಘಟನೆ ಆದಾಗ, ಒಂದು ಸ್ಥಿತಿ ಇರುವವರೆಗೆ, ಆಗಬಾರದ್ದು ಆದರೆ, ಒಂದು ಸೌಲಭ್ಯ ಇರುವ ಕಡೆ, ಹೀಗೆ ಐದು ಬಗೆ. ಪ್ರತಿ ಸಾಲಿನ ಮುಂದೆ ಐದರಲ್ಲಿ ಯಾವುದು ಎಂದು ಬರೆಯಿರಿ.

ಕನ್ನಡದಲ್ಲಿ ‘ಹಾಲು ಬಂದರೆ’ ಮತ್ತು ‘ಕರೆಂಟು ಹೋದರೆ’ ಎರಡಕ್ಕೂ ಒಂದೇ ‘ರೆ’. ಮೊದಲನೆಯದನ್ನು ‘ಬಂದಾಗ’ ಎಂದು ಬರೆದು, ‘ರೆ’ಯನ್ನು ಆಗಬಾರದ್ದಕ್ಕೆ ಮಾತ್ರ ಮೀಸಲಿಡಿ. ಆಮೇಲೆ ಕ್ರಿಯೆಯ ಮೇಲೆ ಸಾರ್ಟ್ ಮಾಡಿ, ಯಾವ ಕ್ರಿಯೆಗೆ ಒಂದೂ ‘ರೆ’ ಇಲ್ಲ ಎಂದು ನೋಡಿ. ಬೆಳಗಿನ ಹಾಲು ತೆಗೆದುಕೊಳ್ಳುವ ಹೊತ್ತಿಗೆ ಕರೆಂಟು ಹೋದರೇನು, ಹಾಲು ಒಡೆದಿದ್ದರೇನು, ಸಾಲಿನಲ್ಲಿ ನಿಂತವನ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೇನು? ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಅವರಿಗದು ದಿನನಿತ್ಯದ್ದು.

ಹಂತ 5: ವಾಕ್ಯಗಳನ್ನು ಸಂಖ್ಯೆ ಮಾಡುವುದು

ಈಗ ಯಂತ್ರದ ಪಾಳಿ. ವಾಕ್ಯ ಕೊಟ್ಟರೆ ಕೆಲವು ನೂರು ಸಂಖ್ಯೆಗಳ ಸಾಲನ್ನು ಕೊಡುವ ಮಾಡೆಲ್‌ಗಳಿವೆ. ಅರ್ಥ ಹತ್ತಿರವಿದ್ದರೆ ಸಾಲುಗಳೂ ಹತ್ತಿರವಿರುತ್ತವೆ. ಅದಕ್ಕೆ ಎಂಬೆಡಿಂಗ್ ಎನ್ನುತ್ತಾರೆ, ಹತ್ತಿರವನ್ನು ಕೊಸೈನ್ ಎಂಬ ಅಂಕದಲ್ಲಿ ಅಳೆಯುತ್ತಾರೆ; ಅಂಕ 1ರ ಸಮೀಪ ಬಂದಷ್ಟೂ ಅರ್ಥ ಹತ್ತಿರ. 2019ರಲ್ಲಿ ನೀಲ್ಸ್ ರೈಮರ್ಸ್ ಮತ್ತು ಇರೀನಾ ಗುರೆವಿಚ್ ಸೆಂಟೆನ್ಸ್ ಬರ್ಟ್ ತಂದ ಮೇಲೆ ಇದು ಸಾಮಾನ್ಯ ಲ್ಯಾಪ್‌ಟಾಪ್‌ನ ಕೆಲಸವಾಯಿತು. 10,000 ವಾಕ್ಯಗಳಲ್ಲಿ ಅತಿ ಹತ್ತಿರದ ಜೋಡಿ ಹುಡುಕಲು ಅದರ ಹಿಂದಿನ ಬರ್ಟ್ ಎಂಬ ಭಾಷಾ ಮಾಡೆಲ್‌ಗೆ ಸುಮಾರು 65 ಗಂಟೆ ಬೇಕಿತ್ತು, ತಮ್ಮ ವಿಧಾನಕ್ಕೆ ಸುಮಾರು 5 ಸೆಕೆಂಡು ಸಾಕು ಎಂದು ಅವರು ತೋರಿಸಿದರು. ಪೈಥಾನ್‌ನಲ್ಲಿ ಸೆಂಟೆನ್ಸ್ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿ ಹಾಕಿಕೊಂಡರೆ ನಾಲ್ಕೈದು ಸಾಲಿನ ಕೋಡ್.

ಮಾಡೆಲ್ ಆರಿಸುವಲ್ಲಿ ಎಚ್ಚರ ಬೇಕು. ಯಾವ ಟ್ಯುಟೋರಿಯಲ್ ತೆರೆದರೂ ಸಿಗುವುದು ಆಲ್ ಮಿನಿಎಲ್‌ಎಂ ಎಲ್6 ವಿ2. ಪುಟ್ಟದು, ಚುರುಕಾದದ್ದು, 384 ಸಂಖ್ಯೆ ಕೊಡುತ್ತದೆ, ಇಂಗ್ಲಿಷಿಗೆ ಚೆನ್ನ. ಕನ್ನಡ ಕೊಟ್ಟರೂ ಅದು ಚಕಾರ ಎತ್ತದೆ 384 ಸಂಖ್ಯೆ ಕೊಡುತ್ತದೆ, ಅಪಾಯ ಇರುವುದು ಅಲ್ಲೇ. ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳ ಭೇದ ಮಾಡದ (ಅನ್‌ಕೇಸ್ಡ್) ಬರ್ಟ್ ಜಾತಿಯ ಆ ಮಾಡೆಲ್ ಯುರೋಪಿನ ಭಾಷೆಗಳ ಅಕ್ಷರಗಳ ತಲೆಯ ಮೇಲಿನ ಚಿಹ್ನೆಗಳನ್ನು ಒರೆಸುವ ಭರದಲ್ಲಿ ನಮ್ಮ ಗುಡಿಸು, ಅರ್ಧಾಕ್ಷರದ ಚಿಹ್ನೆಗಳನ್ನೂ ಒರೆಸಿಬಿಡುತ್ತದೆ. ‘ತಿದ್ದಿ’ ಎಂದು ಕೊಟ್ಟರೆ ಒರೆಸಿದ ಮೇಲೆ ಉಳಿಯುವುದು ‘ತದದ’. ಕನ್ನಡ ಅಥವಾ ಕಂಗ್ಲಿಷ್ ಬೇಡಿಕೆಗಳಿಗೆ ಗೂಗಲ್‌ನವರ ಲಾಬ್ಸೆ ಬಳಸಿ: 109 ಭಾಷೆ, ಕನ್ನಡವೂ ಸೇರಿ, 768 ಸಂಖ್ಯೆ. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಂದ ಕನ್ನಡವನ್ನು ಮೊದಲು ಕನ್ನಡ ಲಿಪಿಗೆ ತಿರುಗಿಸಿಕೊಳ್ಳಿ.

ಎಂಬೆಡ್ ಮಾಡಬೇಕಾದ್ದು ಮೂಲ ಮಾತನ್ನಲ್ಲ, ಪದಕೋಶ ಅನ್ವಯಿಸಿ ಒಡೆದ ವಾಕ್ಯವನ್ನು. ಎಲ್ಲ ಸಾಲಿನಲ್ಲೂ ಇರುವ ‘ಸಾಫ್ಟ್‌ವೇರ್‌ನಲ್ಲಿ ಸೌಲಭ್ಯವಿರಬೇಕು’ ಎಂಬ ಬಾಲ ಕತ್ತರಿಸಿ; ಇಲ್ಲದಿದ್ದರೆ ಎಲ್ಲವೂ ಎಲ್ಲಕ್ಕೂ ಹತ್ತಿರವಾಗಿ ಕಾಣುತ್ತದೆ. 400 ಬೇಡಿಕೆಗಳಿಗೆ 79,800 ಜೋಡಿ ಆಗುತ್ತವೆ, ಕಂಪ್ಯೂಟರಿಗೆ ಅದು ಲೆಕ್ಕವೇ ಅಲ್ಲ.

ಎಷ್ಟು ಅಂಕ ಬಂದರೆ ‘ಒಂದೇ ವಿಷಯ’? 0.8 ಎಂದು ಯಾರೋ ಬರೆದದ್ದನ್ನು ಎತ್ತಿಕೊಳ್ಳಬೇಡಿ, ಅದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ನಿಮ್ಮದೇ ಪಟ್ಟಿಯಿಂದ ಒಂದು ನೂರು ಜೋಡಿಗಳನ್ನು ಆರಿಸಿ, ಅಂಕ ನೋಡದೆ, ‘ಅದೇ’, ‘ಸಂಬಂಧ ಇದೆ’, ‘ಸಂಬಂಧ ಇಲ್ಲ’ ಎಂದು ಕೈಯಾರೆ ಗುರುತು ಹಾಕಿ. ಅಂಕಗಳ ಪಕ್ಕ ಅದನ್ನಿಟ್ಟು ಗೆರೆ ಎಲ್ಲಿ ಎಳೆಯಬೇಕೆಂದು ನೋಡಿ. ಮೂರೂ ಬಗೆ ಕಲಸಿಕೊಂಡಿದ್ದರೆ ಸಮಸ್ಯೆ ಮಾಡೆಲ್‌ನದು ಅಥವಾ ಪದಕೋಶದ್ದು. ಗೆರೆಯನ್ನು ಅತ್ತಿತ್ತ ಜರುಗಿಸಿ ಸರಿಯಾಗುವಂಥದ್ದಲ್ಲ.

ಹಂತ 6: ಗುಂಪು ಕಟ್ಟುವುದು

ಗುಂಪು ಕಟ್ಟುವ ವಿಧಾನಗಳಲ್ಲಿ ಕೆ ಮೀನ್ಸ್ ಹೆಚ್ಚು ಪರಿಚಿತ, ಆದರೆ ಅದಕ್ಕೆ ಎಷ್ಟು ಗುಂಪು ಎಂದು ಮೊದಲೇ ಹೇಳಬೇಕು. ನಮಗೆ ಗೊತ್ತಿಲ್ಲದಿರುವುದೇ ಅದು. ಹತ್ತಿರದ ಜೋಡಿಗಳನ್ನು ಸೇರಿಸುತ್ತಾ ಮೇಲೆ ಹೋಗುವ ಅಗ್ಲಾಮರೇಟಿವ್ ವಿಧಾನ ಮರದ ಆಕಾರ ಕೊಡುತ್ತದೆ, ಬೇಕಾದ ಎತ್ತರದಲ್ಲಿ ಕತ್ತರಿಸಿ ನೋಡಬಹುದು. ಕೆಲವೇ ನೂರು ಸಾಲಿಗೆ ನನ್ನ ಆಯ್ಕೆ ಅದೇ. ಎಚ್‌ಡಿಬಿಸ್ಕ್ಯಾನ್ ಎಂಬ ಇನ್ನೊಂದು ವಿಧಾನ ಬಳಸಿದರೆ ಎಲ್ಲಿಯೂ ಸೇರದ ಸಾಲುಗಳನ್ನು ಅದು ಹೊರಗೇ ಬಿಡುತ್ತದೆ. ಆ ಒಂಟಿ ಸಾಲುಗಳನ್ನು ಓದುವುದು ಲಾಭದ ಕೆಲಸ: ಒಂದೋ ಅದು ಈ ಸಾಫ್ಟ್‌ವೇರ್‌ಗೆ ಸಂಬಂಧವಿಲ್ಲದ್ದು, ಇಲ್ಲವೇ ಇನ್ನೂ ಹತ್ತು ಬೇಡಿಕೆ ಕೇಳಿ ತರಬೇಕಾದ ಜಾಗ.

ಗುಂಪು ಬಂದ ಮೇಲೆ ಪ್ರತಿಯೊಂದಕ್ಕೂ ಕ್ರಿಯಾಪದವಿರುವ ಹೆಸರಿಡಿ. ‘ಹಾಲು’ ಎಂಬುದು ಹೆಸರಲ್ಲ. ‘ಹಾಕಿದ ಹಾಲಿನ ಲೆಕ್ಕ ತಿದ್ದುವುದು’ ಎಂಬುದು ಹೆಸರು. ‘ಮತ್ತು’ ಇಲ್ಲದೆ ಹೆಸರಿಡಲು ಆಗದಿದ್ದರೆ ಗುಂಪನ್ನು ಒಡೆಯಿರಿ. ‘ಇತರೆ’ ಎಂಬ ಗುಂಪಿಗೆ ಜಾಗವೇ ಇಲ್ಲ.

ವೇಗ, ಭದ್ರತೆ, ಬಳಕೆಯ ಸರಳತೆಯಂಥ ಬೇಡಿಕೆಗಳು ಇಲ್ಲಿ ಸತಾಯಿಸುತ್ತವೆ. ‘ಸ್ಲಿಪ್ 5 ಸೆಕೆಂಡಿನಲ್ಲಿ ಬರಬೇಕು’ ಎಂಬುದು ಸ್ಲಿಪ್ ಗುಂಪಿಗೆ ಅಂಟಿಕೊಳ್ಳುತ್ತದೆ, ವೇಗದ ಇನ್ನಿತರ ಸಾಲುಗಳ ಹತ್ತಿರವೂ ಸುಳಿಯುವುದಿಲ್ಲ. ಇಂಥವನ್ನು ಬೇರೆ ಮಾಡಲು ಯಂತ್ರಕ್ಕೆ ಕಲಿಸುವ ಪ್ರಯತ್ನ ಹಳೆಯದು. ಡಿಪಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ 15 ಪ್ರಾಜೆಕ್ಟ್‌ಗಳ 625 ಬೇಡಿಕೆಗಳ ಪ್ರಾಮಿಸ್ ಸಂಗ್ರಹ ಈಗಲೂ ಬಳಕೆಯಲ್ಲಿದೆ, ಅದರಲ್ಲಿ 370 ಇಂಥ ಗುಣದ ಬೇಡಿಕೆಗಳೇ. ಕೆಲವು ನೂರು ಸಾಲಿಗೆ ಅಷ್ಟೆಲ್ಲ ಬೇಡ. ಒಂದು ‘ಗುಣ’ ಕಾಲಂ ಮಾಡಿ ಕೈಯಲ್ಲೇ ತುಂಬಿ, ಸಾಲನ್ನು ಎರಡೂ ಕಡೆ ತೋರಿಸಿ. ಒಂದು ಬೇಡಿಕೆ ಒಂದೇ ಫೋಲ್ಡರ್‌ನಲ್ಲಿರಬೇಕು ಎಂಬುದು ಕಾಗದದ ಕಾಲದ ಕಟ್ಟಳೆ.

ಹಂತ 7: ಹತ್ತಿರದವರ ಜಗಳ ಹಿಡಿಯುವುದು

ಎಂಬೆಡಿಂಗ್‌ನ ದೊಡ್ಡ ದೋಷವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ತಿದ್ದುವಂತಿರಬೇಕು’, ‘ತಿದ್ದುವಂತಿರಬಾರದು’ ಎರಡೂ ಅದಕ್ಕೆ ಅಕ್ಕಪಕ್ಕ. ಅದು ಅಳೆಯುವುದು ಒಂದೇ ವಿಷಯವೇ ಎಂಬುದನ್ನು, ಒಂದೇ ಅಭಿಪ್ರಾಯವೇ ಎಂಬುದನ್ನಲ್ಲ. ಸಂಖ್ಯೆಗಳ ವಿಷಯದಲ್ಲೂ ಹಾಗೇ, ಫ್ಯಾಟ್ 3.5 ಮತ್ತು 3.0 ಅದರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ.

ಹಾಗಾಗಿ ಹೀಗೆ ಮಾಡಿ. ಗೆರೆಗಿಂತ ಮೇಲಿನ ಜೋಡಿಗಳನ್ನೆಲ್ಲ ಒಂದು ಹಾಳೆಗೆ ತೆಗೆದುಕೊಂಡು ಮೂರು ಜರಡಿ ಹಿಡಿಯಿರಿ. ಒತ್ತಿನ ಕಾಲಂ ಬೇರೆಯೇ, ಅಂದರೆ ಒಂದು ಕಡೆ ಬೇಕು, ಇನ್ನೊಂದು ಕಡೆ ಬಾರದು? ಸಂಖ್ಯೆ ಬೇರೆಯೇ? ಕ್ರಿಯೆ, ಕರ್ಮ ಒಂದೇ ಇದ್ದು ಕರ್ತೃ ಬೇರೆಯೇ? ಈ ಮೂರರಲ್ಲಿ ಒಂದಕ್ಕೆ ‘ಹೌದು’ ಎಂದ ಜೋಡಿಗಳೇ ನಿಮ್ಮ ವೈರುಧ್ಯಗಳ ಪಟ್ಟಿ. ಮೂರಕ್ಕೂ ‘ಇಲ್ಲ’ ಎಂದವು ಬಹುತೇಕ ನಕಲುಗಳು, ಒಂದನ್ನು ಇನ್ನೊಂದಕ್ಕೆ ಕೊಂಡಿ ಹಾಕಿ ಮುಚ್ಚಿ. ಅಳಿಸಬೇಡಿ, ಇಬ್ಬರು ಕೇಳಿದ್ದಾರೆ ಎಂಬುದೇ ಒಂದು ಮಾಹಿತಿ.

ಮೊದಲು ನೋಡಿದ 12, 87, 203ಕ್ಕೆ ಬರೋಣ. ಪದಕೋಶದಲ್ಲಿ ಎಂಟ್ರಿ, ಲೆಕ್ಕ ಎರಡೂ ‘ಹಾಲು ನಮೂದು’ ಎಂದಾಗಿ, ಫ್ಯಾಟ್ ಅದರ ಒಂದು ಭಾಗವಾಗಿ, ಮೂರು ಕ್ರಿಯಾಪದವೂ ‘ತಿದ್ದು’ವಿಗೆ ಬಂದರೆ ಮೂರೂ ಒಂದೇ ಗುಂಪಿಗೆ ಬೀಳುತ್ತವೆ. ಒತ್ತಿನ ಜರಡಿ 12–87 ಮತ್ತು 87–203 ಜೋಡಿಗಳನ್ನು ಎತ್ತಿ ಕೊಡುತ್ತದೆ. ಷರತ್ತಿನ ಕಾಲಂ ನೋಡಿದರೆ 12ಕ್ಕೆ ಷರತ್ತೇ ಇಲ್ಲ, 87ಕ್ಕೆ ಸ್ಲಿಪ್ ಕೊಟ್ಟ ಮೇಲೆ, 203ಕ್ಕೆ ಅದೇ ಹೊತ್ತಿನಲ್ಲಿ. ಕೇಳಬೇಕಾದ ಪ್ರಶ್ನೆ ಈಗ ಸ್ಪಷ್ಟ: ಸ್ಲಿಪ್ ಕೊಟ್ಟಾಗಿದೆ, ಬೆಳಗಿನ ಹೊತ್ತು ಇನ್ನೂ ಮುಗಿದಿಲ್ಲ, ಫ್ಯಾಟ್ ತಪ್ಪಾಗಿದೆ ಎಂದು ಗೊತ್ತಾಯಿತು, ಆಗ ಏನು? ಹಳೆಯ ನಮೂದು ಹಾಗೇ ಇರಲಿ, ತಿದ್ದುಪಡಿಗೆ ಇನ್ನೊಂದು ಸ್ಲಿಪ್ ಬರಲಿ ಎಂಬ ಉತ್ತರ ಬಂದರೆ ಮೂವರೂ ಒಪ್ಪಬಹುದು. ಆ ಉತ್ತರ ಕೊಡಬೇಕಾದವರು ಸಂಘದವರು, ಪ್ರೋಗ್ರಾಮರ್ ಅಲ್ಲ.

ಹಂತ 8: ಭಾಷಾ ಮಾಡೆಲ್‌ಗಳ ಸಹಾಯ, ಮತ್ತು ಮುಂದಿನ ನಿರ್ವಹಣೆ

ಕಾರಕದ ಖಾನೆ ತುಂಬುವ ಕೆಲಸವನ್ನು ಚಾಟ್ ಮಾಡೆಲ್‌ಗೆ ಕೊಡಬಹುದೇ? ಕೊಡಬಹುದು, ಒಂದು ಕಟ್ಟುನಿಟ್ಟಿನ ಷರತ್ತಿನೊಂದಿಗೆ. ಪ್ರತಿ ಖಾನೆಯಲ್ಲೂ ಮೂಲ ವಾಕ್ಯದ ಪದವನ್ನೇ ಎತ್ತಿ ಬರೆಯಬೇಕು, ವಾಕ್ಯದಲ್ಲಿ ಇಲ್ಲದ್ದಕ್ಕೆ ‘ಖಾಲಿ’ ಎನ್ನಬೇಕು. ಸುಮ್ಮನೆ ಬಿಟ್ಟರೆ ಅದು ಯಾರೂ ಹೇಳದ ಕರ್ತೃವನ್ನು ‘ಬಳಕೆದಾರ’ ಎಂದು ತುಂಬಿಕೊಡುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ. ಹಾಗೆ ನಿಮ್ಮ ಅತ್ಯುತ್ತಮ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಎತ್ತಿ ಬರೆದ ಪದ ನಿಜವಾಗಿ ಮೂಲದಲ್ಲಿದೆಯೇ ಎಂದು ಶೀಟ್‌ನಲ್ಲಿ ಒಂದು ಫಾರ್ಮುಲಾ ಹಾಕಿ ಪರೀಕ್ಷಿಸಿ.

ಗುಂಪುಗಳನ್ನು ತಿರುಗಿ ಜನರ ಮುಂದೆ ಇಡುವಾಗ ಶೀಟ್ ತೋರಿಸಬೇಡಿ. ಒಂದು ಗುಂಪಿನ ಸಾಲುಗಳನ್ನು ಒಟ್ಟಿಗೆ, ಅವರದೇ ಮಾತಿನಲ್ಲಿ, ಗಟ್ಟಿಯಾಗಿ ಓದಿ ಹೇಳಿ. ‘ಅಯ್ಯೋ, ಇದನ್ನ ನಾನು ಹೇಳಿದ್ದು ಬೇರೆ ಅರ್ಥದಲ್ಲಿ’ ಎಂಬ ಮಾತು ಬರುವುದು ಆಗಲೇ. ಹಾಲು ಹಾಕುವವರನ್ನೂ ಕೂರಿಸಿಕೊಂಡು ಓದಿದರೆ ಇನ್ನೂ ಚೆನ್ನ, ಅವರು ಸುಮ್ಮನಿರುವುದಿಲ್ಲ.

ಮುಂದೆ ಹೊಸ ಬೇಡಿಕೆ ಬಂದಾಗ ನೇರ ಪಟ್ಟಿಯ ಕೊನೆಗೆ ಸೇರಿಸುವ ಹಾಗಿಲ್ಲ. ಅದನ್ನು ಒಡೆದು, ಖಾನೆ ತುಂಬಿ, ಎಂಬೆಡ್ ಮಾಡಿ, ಅದಕ್ಕೆ ಅತಿ ಹತ್ತಿರದ ಐದು ಹಳೆಯ ಸಾಲುಗಳನ್ನು ತೆರೆದು ಓದಿ, ಆಮೇಲೆ ಸೇರಿಸಿ. ಪದಕೋಶದಲ್ಲಿ ಒಂದು ಪದ ಬದಲಾದರೆ ಆ ಪದ ಇರುವ ಸಾಲುಗಳನ್ನಷ್ಟೇ ಮತ್ತೆ ಎಂಬೆಡ್ ಮಾಡಿದರೆ ಸಾಕು. ಮಾಡೆಲ್ ಬದಲಾಯಿಸಿದರೆ ಮಾತ್ರ ಎಲ್ಲವನ್ನೂ ಹೊಸದಾಗಿ ಮಾಡಬೇಕು, ಕೈಯಾರೆ ಗುರುತು ಹಾಕಿದ ಜೋಡಿಗಳ ಮೇಲೆ ಗೆರೆಯನ್ನೂ ಮತ್ತೆ ಎಳೆಯಬೇಕು. ಒಂದು ಮಾಡೆಲ್‌ನ ಸಂಖ್ಯೆಗಳನ್ನು ಇನ್ನೊಂದರ ಸಂಖ್ಯೆಗಳ ಜೊತೆ ಹೋಲಿಸುವಂತಿಲ್ಲ, ಎರಡೂ 768 ಇದ್ದರೂ. ಅದಕ್ಕಾಗಿ ಎಂಬೆಡಿಂಗ್ ಫೈಲ್‌ನ ಹೆಸರಲ್ಲೇ ಮಾಡೆಲ್‌ನ ಹೆಸರು, ಆವೃತ್ತಿ ಮತ್ತು ಪದಕೋಶದ ದಿನಾಂಕ ಇರಲಿ.